ಮಾಲೀಕರ ಮಾತು, ಕಾರ್ಮಿಕರ ಎದುರಿಗೆ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸರ್ಕಿಟ್ ಬೋರ್ಡ್ ತಯಾರಿಸುವ ಎಟಿ ಅಂಡ್ ಎಸ್ ಕಾರ್ಖಾನೆಯಿದೆ. ಕಂಪನಿಯ ತವರು ಆಸ್ಟ್ರಿಯಾದ ಲಿಯೊಬೆನ್ ಪಟ್ಟಣ. 1999ರಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಘಟಕವನ್ನು ಕೊಂಡು ಅದು ಇಲ್ಲಿಗೆ ಬಂತು. ಆಸ್ಟ್ರಿಯಾದಲ್ಲಿ ಉದ್ದಿಮೆ ನಡೆಸುವವರು ಕಾನೂನಿನ ಪ್ರಕಾರವೇ ವಾಣಿಜ್ಯ ಮಂಡಳಿಯ ಸದಸ್ಯರಾಗಬೇಕು. ದೊಡ್ಡ ಕಾರ್ಖಾನೆಗೂ ಅದೇ ನಿಯಮ, ಮೂಲೆಯ ಬೇಕರಿಗೂ ಅದೇ ನಿಯಮ. ಆ ಮಂಡಳಿಯಿಂದ ಹೋದ ಕ್ರಿಸ್ಟಾ ಶ್ವೆಂಗ್ 2020ರಿಂದ 2023ರವರೆಗೆ ಯುರೋಪಿಯನ್ ಆರ್ಥಿಕ ಮತ್ತು ಸಾಮಾಜಿಕ ಸಮಿತಿಯ ಅಧ್ಯಕ್ಷೆಯಾಗಿದ್ದರು. ಲಿಯೊಬೆನ್‌ನ ಬೇಕರಿಯವನ ಅಹವಾಲು ಬ್ರಸೆಲ್ಸ್‌ವರೆಗೆ ಹೋಗಲು ಹೀಗೊಂದು ದಾರಿಯಿದೆ. ನಂಜನಗೂಡಿನ ಬೇಕರಿಯವನಿಗೆ, ತಿ. ನರಸೀಪುರದ ಅಕ್ಕಿ ಗಿರಣಿಯವನಿಗೆ ಬೆಂಗಳೂರಿನವರೆಗಾದರೂ ಅಂಥ ದಾರಿ ಇದೆಯೇ?

ಆ ಸಮಿತಿ 1957ರ ರೋಮ್ ಒಪ್ಪಂದದಿಂದ ಹುಟ್ಟಿದ್ದು. ಈಗ 329 ಸದಸ್ಯರಿದ್ದಾರೆ. ಮಾಲೀಕರದ್ದು ಒಂದು ಗುಂಪು, ಕಾರ್ಮಿಕರದ್ದು ಇನ್ನೊಂದು; ರೈತರು, ಗ್ರಾಹಕರು, ಪರಿಸರ ಸಂಘಟನೆಗಳಂಥವರು ಸೇರಿ ಮೂರನೆಯದು. ಸದಸ್ಯರನ್ನು ಆಯಾ ದೇಶದ ಸರ್ಕಾರ ಸೂಚಿಸುತ್ತದೆ, ಅವಧಿ 5 ವರ್ಷ. ಸಂಬಳವಿಲ್ಲ, ಪ್ರಯಾಣ ವೆಚ್ಚ ಮತ್ತು ದಿನಭತ್ಯೆ ಮಾತ್ರ. ಕೆಲವು ವಿಷಯಗಳಲ್ಲಿ ಯುರೋಪಿಯನ್ ಒಕ್ಕೂಟ ಕಾನೂನು ಮಾಡುವ ಮೊದಲು ಸಮಿತಿಯ ಅಭಿಪ್ರಾಯ ಕೇಳಲೇಬೇಕು. ಆದರೆ ಕೇಳಿದ ಮೇಲೆ ಒಪ್ಪಲೇಬೇಕೆಂದೇನಿಲ್ಲ.

ಒಪ್ಪದೆ ಬಿಡಬಹುದಾದ ಸಲಹೆಗೆ ಬೆಲೆ ಏನು ಎಂದು ಯಾರಾದರೂ ಕೇಳಬಹುದು. ನನಗೆ ಬೆಲೆ ಕಾಣುವುದು ಆ ಸಲಹೆ ತಯಾರಾಗುವ ಬಗೆಯಲ್ಲಿ. ಒಬ್ಬ ಸದಸ್ಯರು ಕರಡು ಬರೆಯುತ್ತಾರೆ. ಮೂರೂ ಗುಂಪಿನವರು ಅದನ್ನು ಸಾಲು ಸಾಲಾಗಿ ತಿದ್ದುತ್ತಾರೆ, ಆಮೇಲೆ ಪೂರ್ಣ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ತಿದ್ದುಪಡಿ ಸೋತರೂ ಕಾಲು ಭಾಗದಷ್ಟು ಮತ ಬಿದ್ದಿದ್ದರೆ ಅದನ್ನೂ ಅನುಬಂಧವಾಗಿ ಅಚ್ಚು ಹಾಕಲೇಬೇಕು. ಸೋತವರ ವಾದ ಕಸದ ಬುಟ್ಟಿಗೆ ಹೋಗುವುದಿಲ್ಲ. ಮಾಲೀಕರು ಏನು ಕೇಳಿದರು, ಯಾಕೆ ಕೇಳಿದರು ಎನ್ನುವುದನ್ನು ಯಾವ ಕಾರ್ಮಿಕ ಬೇಕಾದರೂ ಓದಬಹುದು.

ಕನಿಷ್ಠ ವೇತನದ ವಿಷಯದಲ್ಲಿ ಇದು ಚೆನ್ನಾಗಿ ಕಂಡಿತು. ಕೂಲಿ ನಿಗದಿ ಆಯಾ ದೇಶದ ಮಾಲೀಕರಿಗೂ ಕಾರ್ಮಿಕರಿಗೂ ಬಿಟ್ಟದ್ದು, ಬ್ರಸೆಲ್ಸ್ ಅದರಲ್ಲಿ ಕೈಹಾಕಬಾರದು ಎಂದು ಮಾಲೀಕರ ಸಂಘಟನೆಗಳು ಬಹಿರಂಗವಾಗಿಯೇ ವಾದಿಸಿದವು. ಆದರೂ 2022ರಲ್ಲಿ ಕನಿಷ್ಠ ವೇತನದ ಬಗ್ಗೆ ಒಕ್ಕೂಟದ ನಿರ್ದೇಶನ ಬಂತು. ಅದರ ವಿರುದ್ಧ ಡೆನ್ಮಾರ್ಕ್ ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. 2025ರ ನವೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ನಿರ್ದೇಶನದ ಕೆಲವು ಅಂಶಗಳನ್ನು ರದ್ದು ಮಾಡಿ ಉಳಿದ ದೊಡ್ಡ ಭಾಗವನ್ನು ಎತ್ತಿಹಿಡಿಯಿತು.

ಇದನ್ನೆಲ್ಲ ಪರದೇಶದ ಸಂಗತಿ ಎಂದು ಮೈಸೂರು ಸೀಮೆಯವರು ಬದಿಗಿಡಬೇಕಿಲ್ಲ. ಉದ್ದಿಮೆದಾರರನ್ನು ಕೂರಿಸಿಕೊಂಡು ಸಲಹೆ ಕೇಳುವ ಅಭ್ಯಾಸ ನಮ್ಮಲ್ಲಿ ರೋಮ್ ಒಪ್ಪಂದಕ್ಕಿಂತ ಎಷ್ಟೋ ಹಳೆಯದು. ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ತಾಲ್ಲೂಕಿಗೆ ಒಬ್ಬಿಬ್ಬರು ತಿಳಿವಳಿಕಸ್ಥ ಹಿಡುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು ಬರಬೇಕೆಂದು ಆಜ್ಞೆಯಾಯಿತು. ಆ ದಸರಾ ಕಾಲದಲ್ಲಿ ಸೇರಿದ ಮೊದಲ ಸಭೆಗೆ ಬಂದವರು 144 ಜನ. ಮತ ಹಾಕುವ ಅಧಿಕಾರವಿರಲಿಲ್ಲ. ಹೇಳುವುದು, ಕೇಳುವುದು ಅಷ್ಟೇ. ಆದರೂ ತಾಲ್ಲೂಕಿನ ಮಾತು ದಿವಾನರ ಕಿವಿಗೆ ನೇರವಾಗಿ ಬೀಳುತ್ತಿತ್ತು.

ಮೂವತ್ತು ವರ್ಷಗಳ ಮೇಲೆ, 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸಂಪದಭ್ಯುದಯ ಸಮಾಜವನ್ನು ಉದ್ಘಾಟಿಸಿದರು. ಅದರ ಹಿಂದಿನ ಶಕ್ತಿ ಆಗ ಮುಖ್ಯ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯ. ಕೃಷಿಗೆ, ಶಿಕ್ಷಣಕ್ಕೆ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಬೇರೆ ಬೇರೆ ಸಮಿತಿಗಳಾದವು. ಅಧಿಕಾರಿಗಳ ಜೊತೆ ವರ್ತಕರೂ ಜಮೀನುದಾರರೂ ಕೂತು ಚರ್ಚಿಸಿದರು. ಆ ಉತ್ಸಾಹದ ಕಾಲದಲ್ಲೇ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದವು. ಇಂದಿನ ಎಫ್‌ಕೆಸಿಸಿಐ ಆ ಮಂಡಳಿಯೇ. 1915ರ ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಗೂ ಈ ಸಮಾಜದ ಚರ್ಚೆಯೇ ಮೂಲ ಎಂಬುದನ್ನು ಕನ್ನಡಿಗರು ನೆನೆಯಬೇಕು. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದದ್ದೂ 1913ರಲ್ಲೇ. ಊರಿನ ಹೆಸರನ್ನು ಮನೆಮನೆಯ ಬಚ್ಚಲಿಗೆ ತಲುಪಿಸಿದ ಹಲ್ಲುಪುಡಿ ಬಂದದ್ದು ಅಲ್ಲಿಂದ.

ಆದರೆ ಒಂದು ಕೊರತೆಯನ್ನು ಮುಚ್ಚಿಡಬಾರದು. 1881ರಲ್ಲೂ 1911ರಲ್ಲೂ ಕರೆ ಹೋದದ್ದು ಜಮೀನಿದ್ದವರಿಗೆ, ಅಂಗಡಿಯಿದ್ದವರಿಗೆ, ಓದಿದವರಿಗೆ. ಗದ್ದೆಯಲ್ಲಿ ನಾಟಿ ಹಾಕುವವಳು, ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವಳು ಅಲ್ಲಿರಲಿಲ್ಲ. ಮಾಲೀಕರು ಮಾತಾಡಿದರು, ಎದುರು ಮಾತಾಡುವವರಿಗೆ ಜಾಗವೇ ಇರಲಿಲ್ಲ.

ಆ ಜಾಗ ಕೊಟ್ಟಿದ್ದು ಸ್ವಾತಂತ್ರ್ಯಾನಂತರದ ಕಾನೂನು. 1948ರ ಕನಿಷ್ಠ ವೇತನ ಕಾಯ್ದೆ ಸಲಹಾ ಮಂಡಳಿಯಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ಸಮ ಸಂಖ್ಯೆ ಕೊಟ್ಟಿತು. 1957ರಲ್ಲಿ, ರೋಮ್ ಒಪ್ಪಂದದ ವರ್ಷದಲ್ಲೇ, ದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೊಂದು ಅಳತೆಗೋಲು ಹಾಕಿಕೊಟ್ಟಿತು. ದುಡಿಯುವವನ ಸಂಸಾರಕ್ಕೆ ಮೂರು ಬಳಕೆ ಘಟಕ, ತಲಾ 2,700 ಕ್ಯಾಲೊರಿ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು. ಮಾಲೀಕರ ಪ್ರತಿನಿಧಿಗಳೂ ಕೂತಿದ್ದ ಸಭೆಯಲ್ಲಿ ಬಂದ ಲೆಕ್ಕವಿದು. ಇಂದಿಗೂ ವೇತನದ ವಾದ ಸುತ್ತುವುದು ಇದರ ಸುತ್ತಲೇ. ಆದರೆ ಆ ಸಮ್ಮೇಳನದ 46ನೇ ಅಧಿವೇಶನ ನಡೆದದ್ದು 2015ರ ಜುಲೈನಲ್ಲಿ. ಆಮೇಲೆ ವರ್ಷಗಟ್ಟಲೆ ಅದನ್ನು ಕರೆಯಲೇ ಇಲ್ಲ. ಇದು ಸಣ್ಣ ಲೋಪವಲ್ಲ. ಆ ಅವಧಿಯಲ್ಲೇ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದು, 2025ರ ನವೆಂಬರ್ 21ರಂದು ಜಾರಿಯಾದವು.

ವೇತನ ಸಲಹಾ ಮಂಡಳಿಗೆ ಮಾಲೀಕರ ಪರವಾಗಿ ಹೋಗುವವರು ಸಹಜವಾಗಿಯೇ ದೊಡ್ಡ ಸಂಘಗಳವರು. ಅವರ ಕೆಲಸ ನಾನು ತೆಗಳುವುದಿಲ್ಲ. ಆದರೆ ನೆಸ್ಲೆಯಂಥ ಕಾರ್ಖಾನೆಯಿರುವ ನಂಜನಗೂಡಿನಲ್ಲೇ ಐದಾರು ಜನರನ್ನಿಟ್ಟುಕೊಂಡ ಹೋಟೆಲೂ ಇದೆ. ದೇವಸ್ಥಾನಕ್ಕೆ ಜನ ಕಿಕ್ಕಿರಿಯುವ ಸೋಮವಾರ, ದೊಡ್ಡ ಜಾತ್ರೆಯ ದಿನಗಳಲ್ಲಿ ಹೋಟೆಲಿನವನಿಗೆ ಆಳು ಸಾಲದು, ಉಳಿದ ದಿನ ಗಿರಾಕಿ ಸಾಲದು. ತಿ. ನರಸೀಪುರದಲ್ಲಿ ಮೈಸೂರು ರೇಷ್ಮೆ ಸೀರೆಗೆ ನೂಲು ಕೊಡುವ ಕೆಎಸ್‌ಐಸಿ ಕಾರ್ಖಾನೆಯ ಕೆಲಸ ಒಂದು ಬಗೆ. ಅಕ್ಕಿ ಗಿರಣಿಯಲ್ಲಿ ಮೂಟೆ ಲೆಕ್ಕದಲ್ಲಿ ದುಡಿಯುವ ಹಮಾಲಿಯದು, ಕಬ್ಬಿನ ಕಾಲಕ್ಕೆ ಮಾತ್ರ ಒಲೆ ಉರಿಯುವ ಆಲೆಮನೆಯದು ಬೇರೆ ಬಗೆ. ಈ ವ್ಯತ್ಯಾಸ ಕಡತಕ್ಕೆ ಬರಬೇಕಾದರೆ ಹೇಳಬೇಕಾದವರು ಆ ಗಿರಣಿಯವರೇ. ಮತ್ತು ಅವರು ಹೇಳುವುದು ಹಮಾಲಿಯ ಎದುರಿಗೇ ಆಗಬೇಕು. ‘ಇಷ್ಟು ಕೂಲಿ ಕೊಡಲು ಆಗದು’ ಎನ್ನುವವನು ‘ಇಷ್ಟರಲ್ಲಿ ಮಕ್ಕಳ ಫೀಸು ಕಟ್ಟುವುದು ಹೇಗೆ’ ಎನ್ನುವವನ ಕಣ್ಣು ನೋಡಿ ಹೇಳಿದಾಗ ಮಾತಿನ ತೂಕವೇ ಬೇರೆ. ಮಂತ್ರಿಯ ಕೊಠಡಿಯಲ್ಲಿ ಒಬ್ಬರೇ ಕೊಡುವ ಮನವಿಗೆ ಆ ತೂಕ ಎಂದೂ ಬರುವುದಿಲ್ಲ.

ಹೊಸ ವೇತನ ಸಂಹಿತೆಯಲ್ಲೂ ರಾಜ್ಯ ಸಲಹಾ ಮಂಡಳಿ ಉಳಿದಿದೆ. ಎರಡೂ ಕಡೆಗೆ ಸಮ ಸಂಖ್ಯೆ, ಸದಸ್ಯರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಈ ಮಂಡಳಿ ವರ್ಷಕ್ಕೊಮ್ಮೆಯಾದರೂ ನಂಜನಗೂಡಿನಂಥ ಊರಿಗೆ ಬಂದು ಕನ್ನಡದಲ್ಲಿ ಅಹವಾಲು ಕೇಳಲಿ. ಒಪ್ಪದವರ ವಾದವನ್ನೂ ವರದಿಯಲ್ಲಿ ಅಚ್ಚು ಹಾಕಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಕಾರ್ಮಿಕ ಇಲಾಖೆ ಮನಸ್ಸು ಮಾಡಿದರೆ ಸಾಕು.

ಎರಡೂ ತಾಲ್ಲೂಕಿನ ಸಣ್ಣ ಮಾಲೀಕರಿಗೂ, ಅವರಲ್ಲಿ ದುಡಿಯುವವರಿಗೂ ಒಂದು ಮಾತು. ಸರ್ಕಾರವು ವೇತನ ದರದ ಕರಡನ್ನು ಅಧಿಸೂಚನೆಯಾಗಿ ಹೊರಡಿಸಿದಾಗ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಮುಂದಿನ ಕರಡು ಬಂದಾಗ ಆ ಎರಡು ತಿಂಗಳೊಳಗೆ ನಿಮ್ಮ ಲೆಕ್ಕವನ್ನು ಕನ್ನಡದಲ್ಲೇ ಬರೆದು ಕಳಿಸಿ, ಒಂದು ಪ್ರತಿಯನ್ನು ಎದುರು ಪಕ್ಷದವರಿಗೂ ಕೊಡಿ.