ಬೇಗ ಹೊತ್ತಿಕೊಳ್ಳುವ ದ್ರವಗಳು: ಬಳಕೆಯಲ್ಲಿ ಎಚ್ಚರ, ಚೆಲ್ಲಿದಾಗ ವಿವೇಕ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನಾನು ತುಸು ಅಳುಕಿದೆ. ಕಥೆ, ಕವನಗಳು ನನಗೆ ಒಲಿದವಲ್ಲ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಲಯದ ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ ಥಿನ್ನರ್, ಟಾಲುಯೀನ್, ಅಸಿಟೋನ್‌ಗಳ ನಡುವೆ ಮೂವತ್ತು ವರ್ಷ ದುಡಿದವನು ನಾನು. ನಮ್ಮ ಶಾಲೆಯ ಎಷ್ಟೋ ಮಕ್ಕಳು ಇಂತಹ ಕಾರ್ಖಾನೆಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ ಅನ್ನ ಸಂಪಾದಿಸುತ್ತಿರುವುದರಿಂದ, ಬಲ್ಲ ವಿಷಯವನ್ನೇ ಬರೆಯುವುದು ಲೇಸೆಂದು ತೊಡಗಿದ್ದೇನೆ.

ಎಂಟನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಮೇಣದ ಬತ್ತಿಯನ್ನು ಹಚ್ಚಿ, ಉಫ್ ಎಂದು ಆರಿಸಿ, ಮೇಲೇಳುತ್ತಿದ್ದ ಬಿಳಿ ಹೊಗೆಗೆ ಉರಿಯುವ ಕಡ್ಡಿಯನ್ನು ಹಿಡಿದರು. ಕಡ್ಡಿ ಬತ್ತಿಯನ್ನು ಮುಟ್ಟಲೇ ಇಲ್ಲ. ಆದರೂ ಜ್ವಾಲೆ ಹೊಗೆಯ ಗುಂಟ ಇಳಿದು ಬತ್ತಿಯನ್ನು ಹಚ್ಚಿತು. “ಉರಿಯುವುದು ಮೇಣದ ಆವಿ ಕಣ್ರೋ” ಎಂದರು. ನಾವು ಚಪ್ಪಾಳೆ ತಟ್ಟಿ ಮರೆತೆವು. ನಾನು ಮುಂದೆ ಕಲಿತ ಸುರಕ್ಷತೆಯ ಪಾಠವೆಲ್ಲ ಆ ಒಂದು ಮಾತಿನ ವಿಸ್ತರಣೆಯೇ ಆಗಿತ್ತು.

ದ್ರವವೊಂದು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡತೊಡಗುವ ಕನಿಷ್ಠ ಉಷ್ಣತೆಗೆ ಫ್ಲ್ಯಾಷ್ ಪಾಯಿಂಟ್ ಎಂದು ಹೆಸರು. ಟಾಲುಯೀನಿಗೆ ಅದು ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಸಿಟೋನಿಗೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಎಂದರೆ ನಮ್ಮೂರಿನ ಮಾಗಿಯ ಚಳಿಯಲ್ಲಿಯೂ ಇವು ಕಿಡಿಗಾಗಿ ಕಾಯುತ್ತಲೇ ಇರುತ್ತವೆ. ಗಾಳಿಯ ನೂರು ಪಾಲಿನಲ್ಲಿ ಟಾಲುಯೀನಿನ ಆವಿ ಒಂದು ಪಾಲಿಗಿಂತ ತುಸು ಹೆಚ್ಚಿದ್ದರೂ ಬೆಂಕಿ ಹತ್ತಬಲ್ಲದು. ಈ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಆದುದರಿಂದ ಅದು ನೆಲದ ಮೇಲೆ ಹರಿದು, ಚರಂಡಿಗಿಳಿದು, ದೂರದ ಒಲೆಯನ್ನೋ ವೆಲ್ಡಿಂಗ್ ಕಿಡಿಯನ್ನೋ ಮುಟ್ಟಿ, ಜ್ವಾಲೆಯಾಗಿ ಹಿಂದಿರುಗಬಹುದು.

1994ರ ಬೇಸಗೆಯ ಒಂದು ಮಧ್ಯಾಹ್ನ ನಮ್ಮ ವಿಭಾಗದಲ್ಲಿ ಇಪ್ಪತ್ತು ಲೀಟರಿನ ಥಿನ್ನರ್ ಡಬ್ಬ ಉರುಳಿತು. ತಳಿಯ ಕಡೆಯ ಹುಡುಗನೊಬ್ಬ, ವಾಸನೆ ಹೋಗಲೆಂಬ ಸದುದ್ದೇಶದಿಂದ, ಗೋಡೆಯ ಫ್ಯಾನಿನ ಸ್ವಿಚ್ಚಿನತ್ತ ಓಡಿದ. “ಸ್ವಿಚ್ ಮುಟ್ಟಬೇಡಪ್ಪಾ!” ಎಂದು ನಾನು ಕೂಗಿದೆ. ಅವನ ಕೈ ಅರ್ಧದಲ್ಲಿಯೇ ನಿಂತಿತು. ಸ್ವಿಚ್ಚಿನೊಳಗಿನ ಕಿಡಿಯೊಂದೇ ಅಂದು ಸಾಕಾಗಿತ್ತು. ಅವನ ತಲೆಯ ಮೇಲೆಯೇ ಆ ಎಚ್ಚರಿಕೆಯ ಫಲಕ ತೂಗುತ್ತಿತ್ತು. ಆದರೆ ಅದು ಇಂಗ್ಲಿಷಿನಲ್ಲಿತ್ತು. ಅವನು ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಆಡಳಿತದವರ ತಪ್ಪು ಹಾಗಿರಲಿ; ಆ ಫಲಕವನ್ನು ನಿತ್ಯವೂ ಓದುತ್ತಿದ್ದ ನಾನು ಒಂದು ದಿನವಾದರೂ ಅವನಿಗೆ ಅರ್ಥ ಹೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ರಟ್ಟಿನ ಮೇಲೆ ಕನ್ನಡದಲ್ಲಿ ನಾನೂ, ತಮಿಳು ತೆಲುಗುಗಳಲ್ಲಿ ಗೆಳೆಯರೂ ಬರೆದು ತೂಗುಹಾಕಿದೆವು. ಅದರ ಸಾರಾಂಶವಿದು:

ದ್ರವ ಚೆಲ್ಲಿದೊಡನೆ ಕೂಗಿ ಎಲ್ಲರಿಗೂ ತಿಳಿಸಿ, ದೂರ ಸರಿಸಿ. ಆವಿಯಿರುವೆಡೆ ಯಾವ ಸ್ವಿಚ್ಚನ್ನೂ ಹಾಕಲೂ ಬೇಡಿ, ಆರಿಸಲೂ ಬೇಡಿ. ವಿದ್ಯುತ್ತನ್ನು ಹೊರಗಿನ ಮುಖ್ಯ ಸ್ಥಾನದಿಂದಲೇ ಕಡಿಯಿರಿ. ಬಾಗಿಲು, ಕಿಟಕಿಗಳನ್ನು ತೆರೆಯಿರಿ. ಚೆಲ್ಲಿದ್ದು ಹೆಚ್ಚಾಗಿದ್ದರೆ, ಇಲ್ಲವೆ ತಲೆ ಸುತ್ತಿದರೆ, ಹೊರಗೆ ಬಂದು ಅಗ್ನಿಶಾಮಕ ದಳವನ್ನು ಕರೆಯಿರಿ. ಸ್ವಲ್ಪವೇ ಆಗಿದ್ದರೆ, ಆ ದ್ರವಕ್ಕೆ ತಕ್ಕ ಕೈಗವಸು, ಕನ್ನಡಕ ಧರಿಸಿ, ಅಂಚಿನಿಂದ ನಡುವಿಗೆ ಒಣ ಮರಳು ಹಾಕಿ ಹೀರಿಸಿ. ಮರದ ಹೊಟ್ಟು ಬೇಡ. ಅದೂ ಉರಿಯುವ ವಸ್ತುವೇ. ಕಿಡಿ ಹಾರದ ಹಿತ್ತಾಳೆಯ ಸಲಿಕೆಯಿಂದ ಬಾಚಿ, ಮುಚ್ಚಳವಿರುವ ಲೋಹದ ಡಬ್ಬಕ್ಕೆ ತುಂಬಿ, ಹೆಸರು ಬರೆದಿಡಿ. ನೀರು ಹೊಯ್ದು ಚರಂಡಿಗೆ ತಳ್ಳಬೇಡಿ. ಟಾಲುಯೀನ್ ನೀರಿನ ಮೇಲೆ ತೇಲಿ ಅಪಾಯವನ್ನು ಹರಡುತ್ತದೆ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಸಾಕಷ್ಟು ನೀರಿನಿಂದ ತೊಳೆಯಿರಿ.

ಚೆಲ್ಲದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೇಲು. ಪೀಪಾಯಿಯಿಂದ ಡಬ್ಬಕ್ಕೆ ಸುರಿಯುವಾಗ ಹರಿಯುವ ದ್ರವದಲ್ಲಿ ಸ್ಥಿರವಿದ್ಯುತ್ತು ಹುಟ್ಟುತ್ತದೆ. ಆದುದರಿಂದ ಎರಡೂ ಲೋಹದ ಪಾತ್ರೆಗಳನ್ನು ತಂತಿಯಿಂದ ಜೋಡಿಸಿ ಭೂಮಿಗೆ ಸಂಪರ್ಕಿಸಬೇಕು. ಪ್ಲಾಸ್ಟಿಕ್ ಬಕೆಟ್ ಸಲ್ಲದು. ಬರಿದಾದ ಪೀಪಾಯಿ ತುಂಬಿದ್ದಕ್ಕಿಂತ ಅಪಾಯಕಾರಿಯಾಗಬಲ್ಲದು, ಏಕೆಂದರೆ ಅದರೊಳಗೆ ಆವಿಯೂ ಗಾಳಿಯೂ ಬೆರೆತಿರುತ್ತವೆ. ಅದನ್ನು ಎಂದೂ ವೆಲ್ಡಿಂಗಿನಿಂದ ಕತ್ತರಿಸಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ತಾವಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಥಿನ್ನರಿನಿಂದ ಕೈ ತೊಳೆಯುವ ಚಾಳಿಯನ್ನಂತೂ ಬಿಡಬೇಕು; ಅದು ಚರ್ಮದ ಜಿಡ್ಡನ್ನೆಲ್ಲ ಹೀರಿ ಬಿರುಕು ಬಿಡಿಸುತ್ತದೆ.

ಮನೆಯಲ್ಲಿರುವ ತಾಯಂದಿರಲ್ಲಿಯೂ ಒಂದು ವಿನಂತಿ. ಥಿನ್ನರನ್ನಾಗಲಿ ಪೆಟ್ರೋಲನ್ನಾಗಲಿ ತಂಪು ಪಾನೀಯದ ಬಾಟಲಿಯಲ್ಲಿ ಎಂದಿಗೂ ಇಡಬೇಡಿ, ಮಗು ಕುಡಿದೀತು. ಅಡಿಗೆಮನೆಯ ಸಮೀಪವಂತೂ ಅವುಗಳನ್ನು ಸುಳಿಯಗೊಡಬೇಡಿ.

ಪ್ರತಿಯೊಂದು ರಾಸಾಯನಿಕಕ್ಕೂ ತಯಾರಕರು ಹದಿನಾರು ಭಾಗಗಳ ಸುರಕ್ಷತಾ ಮಾಹಿತಿ ಪತ್ರವನ್ನು ಒದಗಿಸುತ್ತಾರೆ. ಅದರಲ್ಲಿ ನಾಲ್ಕನೆಯ ಭಾಗ ಪ್ರಥಮ ಚಿಕಿತ್ಸೆ, ಐದನೆಯದು ಬೆಂಕಿ ಆರಿಸುವ ಬಗೆ, ಆರನೆಯದು ಚೆಲ್ಲಿದಾಗ ಮಾಡಬೇಕಾದದ್ದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅದನ್ನು ಕೇಳಿ ಪಡೆಯಿರಿ. ಓದಬಲ್ಲವರು ಪಕ್ಕದವನಿಗೆ ಅವನ ಭಾಷೆಯಲ್ಲಿ ಹೇಳಿರಿ. ಗಡಿನಾಡಿನಲ್ಲಿ ಬೆಳೆದ ನಮಗೆ ಮೂರು ಭಾಷೆಗಳು ಬರುತ್ತವೆ; ಆ ಸಂಪತ್ತು ಇಂತಹ ಕಡೆ ಒಂದು ಜೀವವನ್ನು ಉಳಿಸಬಲ್ಲದು. ಅಂದು ಕೈ ತಡೆದು ನಿಂತ ಆ ಹುಡುಗ ಮುಂದೆ ಅದೇ ವಿಭಾಗದ ಮೇಲ್ವಿಚಾರಕನಾದ. ಹೊಸಬರು ಬಂದಾಗ ಅವನು ಮೊದಲು ಒಂದು ಮೇಣದ ಬತ್ತಿಯನ್ನು, ಬಣ್ಣದ ವಿಭಾಗದಿಂದ ಬಹುದೂರದ ಊಟದ ಕೋಣೆಯಲ್ಲಿ, ಹಚ್ಚಿ ಆರಿಸಿ ತೋರಿಸುತ್ತಿದ್ದ. ನಮ್ಮ ಮೇಷ್ಟ್ರ ಪಾಠ ಹೀಗೆ ಶಾಲೆಯ ಅಂಗಳವನ್ನು ದಾಟಿ ಹೋಯಿತು.