ಕಿವಿಯೇ ರಂಗಸ್ಥಳ

ನಮ್ಮ ಪ್ರಾಚೀನ ಆಲಂಕಾರಿಕರು ನಾಟಕವನ್ನು ದೃಶ್ಯಕಾವ್ಯವೆಂದು ಕರೆದರು. ಕಣ್ಣಿಗೆ ಕಾಣದ ನಾಟಕದ ಕಲ್ಪನೆ ಅವರಿಗಿರಲಿಲ್ಲ. ಇರಲು ಕಾರಣವೂ ಇರಲಿಲ್ಲ. ಬಾನುಲಿ ಬಂದ ಮೇಲೆ ಆ ಮಾತಿಗೆ ತಿದ್ದುಪಡಿ ಬೇಕಾಯಿತು. ದೃಶ್ಯವಿಲ್ಲದಿರುವುದು ಬಾನುಲಿ ನಾಟಕದ ಕೊರತೆಯೆಂದು ಎಣಿಸುವವರುಂಟು. ಆ ಕೊರತೆಯನ್ನೇ ಬಂಡವಾಳ ಮಾಡಿಕೊಂಡು ಬೆಳೆದದ್ದು ಅಮೆರಿಕದ ರೋಮಾಂಚಕ ಬಾನುಲಿ ನಾಟಕ.

ಆ ದೇಶದ ಸಿ.ಬಿ.ಎಸ್. ಬಾನುಲಿ ಸಂಸ್ಥೆ 1942ರಿಂದ 1962ರವರೆಗೆ ‘ಸಸ್ಪೆನ್ಸ್’ ಎಂಬ ನಾಟಕಮಾಲೆಯನ್ನು ಪ್ರಸಾರ ಮಾಡಿತು. ಅದರಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಲೂಸಿಲ್ ಫ್ಲೆಚರ್ ಎಂಬ ಲೇಖಕಿ ರಚಿಸಿದ, 1943ರ ಮೇ 25ರಂದು ಮೊದಲು ಪ್ರಸಾರವಾದ ‘ಸಾರಿ, ರಾಂಗ್ ನಂಬರ್’ ಎಂಬ ಅರ್ಧ ಗಂಟೆಯ ನಾಟಕ.

ನ್ಯೂಯಾರ್ಕಿನ ಮನೆಯೊಂದರಲ್ಲಿ ಹಾಸಿಗೆ ಹಿಡಿದಿರುವ ಶ್ರೀಮತಿ ಸ್ಟೀವನ್‌ಸನ್ ರಾತ್ರಿ ಒಬ್ಬಳೇ ಇದ್ದಾಳೆ. ಗಂಡನ ಕಚೇರಿಗೆ ದೂರವಾಣಿ ಮಾಡಿದಾಗ ತಂತಿ ಬೆರೆತು, ಇಬ್ಬರು ಅಪರಿಚಿತರ ಸಂಭಾಷಣೆ ಅವಳ ಕಿವಿಗೆ ಬೀಳುತ್ತದೆ. ಆ ರಾತ್ರಿ 11 ಗಂಟೆ 15 ನಿಮಿಷಕ್ಕೆ, ಸೇತುವೆಯ ಮೇಲೆ ರೈಲು ಹಾಯುವ ಹೊತ್ತಿಗೆ, ಚೀತ್ಕಾರ ಯಾರಿಗೂ ಕೇಳಿಸದಂತೆ ಒಬ್ಬ ಹೆಂಗಸನ್ನು ಕೊಲ್ಲುವ ಏರ್ಪಾಡು ಅದು. ಆಕೆ ದೂರವಾಣಿ ಕೇಂದ್ರದವರನ್ನು ಬೇಡುತ್ತಾಳೆ, ಪೊಲೀಸರನ್ನು ಬೇಡುತ್ತಾಳೆ. ಯಾರಿಗೂ ಅದು ತುರ್ತಿನ ಸಂಗತಿಯೆನಿಸುವುದಿಲ್ಲ. ಆಕೆಯೋ ಮಹಾ ಸಿಡುಕಿನವಳು; ಮೊದಮೊದಲು ಶ್ರೋತೃವಿಗೂ ಅವಳ ವಿಷಯದಲ್ಲಿ ಬೇಸರವೇ ಹುಟ್ಟುತ್ತದೆ. ಆ ಹೆಂಗಸು ತಾನೇ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ರೈಲಿನ ಸದ್ದಿನಲ್ಲಿ ಅವಳ ಕೂಗು ಮುಳುಗುತ್ತದೆ. ಬಳಿಕ ದೂರವಾಣಿಯಲ್ಲಿ ಉತ್ತರಿಸುವ ಕೊಲೆಗಾರನ ಮಾತೇ ನಾಟಕದ ಶೀರ್ಷಿಕೆ.

ರಂಗಭೂಮಿಯಲ್ಲಿ ಪ್ರೇಕ್ಷಕನು ಪಾತ್ರಕ್ಕಿಂತ ಹೆಚ್ಚು ಕಾಣಬಲ್ಲ. ನಾಯಕಿಯ ಬೆನ್ನ ಹಿಂದೆ ತೆರೆಯುವ ಬಾಗಿಲು ಅವನಿಗೆ ಕಾಣುತ್ತದೆ. ಇಲ್ಲಿ ಆ ಸೌಕರ್ಯವಿಲ್ಲ. ತಂತಿಯ ಆ ಕೊನೆಯಲ್ಲಿರುವವರನ್ನು ಶ್ರೀಮತಿ ಸ್ಟೀವನ್‌ಸನ್ ಹೇಗೆ ಕಾಣಲಾರಳೋ ಹಾಗೆಯೇ ಬಾನುಲಿಯ ಮುಂದೆ ಕುಳಿತವನೂ ಕಾಣಲಾರ. ಇಬ್ಬರಿಗೂ ಗತಿ ಕಿವಿಯೊಂದೇ. ಇಷ್ಟು ನಿಕಟವಾದ ಸಾಮ್ಯವನ್ನು ಬೇರಾವ ಮಾಧ್ಯಮವೂ ಒದಗಿಸಲಾರದು.

ಇದರ ಅಪಾಯವೂ ಮೊದಲ ರಾತ್ರಿಯೇ ಕಂಡುಬಂತು. ಅದು ನೇರ ಪ್ರಸಾರ. ಕೊನೆಯ ಘಟ್ಟದಲ್ಲಿ ನಟನೊಬ್ಬ ತನ್ನ ಮಾತಿನ ಸಮಯ ತಪ್ಪಿದ. ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕವಾಡಿಸಿದ ಅಧ್ಯಾಪಕರಿಗೆ ಗೊತ್ತು, ಮಾತು ಮರೆತ ಹುಡುಗನಿಗೆ ಪರದೆಯ ಮರೆಯಿಂದ ಎತ್ತಿಕೊಟ್ಟರೆ ಸಾಕು. ಸಭೆ ನಕ್ಕು ಮರೆಯುತ್ತದೆ, ಕಥೆ ಕೆಡುವುದಿಲ್ಲ. ಇಲ್ಲಿ ಕ್ಷಣಮಾತ್ರದ ತಪ್ಪಿನಿಂದ ಕಥೆಯ ಅಂತ್ಯವೇ ಅನೇಕರಿಗೆ ತಿಳಿಯದೆ ಹೋಯಿತು. ಅದೇ ವರ್ಷದ ಆಗಸ್ಟಿನಲ್ಲಿ ನಾಟಕವನ್ನು ಪುನಃ ಅಭಿನಯಿಸಲಾಯಿತು.

1948ರಲ್ಲಿ ಇದು ಚಲನಚಿತ್ರವಾಯಿತು. ಚಿತ್ರಕಥೆ ಫ್ಲೆಚರ್ ಅವರದೇ. ನಾಯಕಿಯಾದ ಬಾರ್ಬರಾ ಸ್ಟ್ಯಾನ್‌ವಿಕ್ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡರು. ಆದರೆ ಕ್ಯಾಮೆರಾ ಒಂದೇ ಕೋಣೆಯಲ್ಲಿ ನಿಲ್ಲಲಿಲ್ಲ. ನಾಯಕಿಯ ಪೂರ್ವವೃತ್ತಾಂತವನ್ನೂ ಗಂಡನ ವ್ಯವಹಾರವನ್ನೂ ತೋರಿಸಬೇಕಾಯಿತು. ವಿವರಣೆ ಹೆಚ್ಚಿದಷ್ಟೂ ಭಯ ತಗ್ಗಿತು.

ಬಾನುಲಿಯಲ್ಲಿ ಆ ಪಾತ್ರ ವಹಿಸಿದವರು ಆಗ್ನೆಸ್ ಮೂರ್‌ಹೆಡ್. ಹೆಚ್ಚುಕಡಿಮೆ ಇಡೀ ನಾಟಕವನ್ನು ಅವರ ಧ್ವನಿಯೊಂದೇ ಹೊತ್ತಿದೆ. ಅದೇ ಮಾಲೆಯಲ್ಲಿ ಅವರು ಅದನ್ನು ಹಲವು ಬಾರಿ ಅಭಿನಯಿಸಿದರು, 1960ರಲ್ಲಿಯೂ ಕೂಡ. ರೈಲು ಎಷ್ಟು ಹೊತ್ತಿಗೆ ಬರುವುದೆಂದು ಆ ವೇಳೆಗೆ ಕೇಳುಗರಿಗೆ ಚೆನ್ನಾಗಿ ಗೊತ್ತಿತ್ತು.