ಬೀಡಿ ಪ್ಯಾಕೆಟ್ ಮೇಲಿರೋ ನಂಬರ್‌ಗೆ ಫೋನ್ ಮಾಡಿದ್ರೆ ಏನಾಗುತ್ತೆ?

ಬೀಡಿ, ಸಿಗರೇಟ್, ತಂಬಾಕು ಪ್ಯಾಕೆಟ್‌ಗಳ ಮೇಲೆ 2018ರಿಂದ ಒಂದು ನಂಬರ್ ಅಚ್ಚಾಗುತ್ತಿದೆ: 1800-11-2356. ಮಾರುವವರೂ ಕೊಳ್ಳುವವರೂ ಅದನ್ನು ಗಮನಿಸೋದು ಅಪರೂಪ.

ಇದು ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರವಿದ್ದು, ಕನ್ನಡದಲ್ಲೇ ಮಾತಾಡಬಹುದು. ಕರೆಗೆ ದುಡ್ಡಿಲ್ಲ. ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗ್ತಾರೆ.

ಶುಗರ್, ಬಿಪಿ ಇದ್ದವರಿಗೆ ಯಾಕೆ ಮುಖ್ಯ?

ಈ ಎರಡೂ ಕಾಯಿಲೆ ರಕ್ತನಾಳ ಹಾಳು ಮಾಡುತ್ತವೆ. ತಂಬಾಕೂ ಅದೇ ಕೆಲಸ ಮಾಡುತ್ತೆ. ಎರಡೂ ಸೇರಿದರೆ ಹೃದಯಾಘಾತ, ಲಕ್ವದ ಅಪಾಯ ಹೆಚ್ಚು, ಕಾಲಿನ ಗಾಯ ಬೇಗ ಮಾಯೋದಿಲ್ಲ.

ಫೋನಲ್ಲಿ ಏನು ಕೇಳ್ತಾರೆ?

ಎಷ್ಟು ವರ್ಷದಿಂದ ಚಟ, ದಿನಕ್ಕೆ ಎಷ್ಟು, ಯಾವ ಹೊತ್ತಲ್ಲಿ ಬೇಕು ಅನ್ಸುತ್ತೆ ಅಂತ ವಿಚಾರಿಸ್ತಾರೆ. ಬಿಡೋಕೆ ಒಂದು ದಿನ ಗೊತ್ತು ಮಾಡಿಸ್ತಾರೆ. ಆಮೇಲೆ ಅವರೇ ತಿರುಗಿ ಫೋನ್ ಮಾಡ್ತಾರೆ. ಬಿಟ್ಟ ಮೊದಲ ವಾರ ಸಿಟ್ಟು, ತಲೆನೋವು, ನಿದ್ದೆಗೇಡು ಜಾಸ್ತಿ. ಮತ್ತೆ ಬೀಡಿ ಹಚ್ಚೋ ಭಯ ಇರೋದು ಆಗಲೇ, ಆ ಕರೆ ಬೇಕಾಗೋದೂ ಆಗಲೇ.

ಆಸೆ ಬಂದಾಗ ಕೆಲವು ನಿಮಿಷ ತಡೆದರೆ ಇಳಿಯುತ್ತೆ. ನೀರು ಕುಡಿಯಿರಿ, ಸೋಂಪು ಅಗಿಯಿರಿ. ಶುಗರ್ ಇದ್ದವರು ಬೀಡಿ ಬದಲು ಚಾಕಲೇಟ್ ಹಿಡಿಯಬೇಡಿ. ಬಿಟ್ಟ ಮೇಲೆ ಶುಗರ್ ಮಟ್ಟ ಬದಲಾಗಬಹುದು, ಡಾಕ್ಟರಿಗೆ ತಿಳಿಸಿ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ.

ಅಂಗಡಿಯವರಿಗೂ ಒಂದು ಮಾತು: ಗಿರಾಕಿ "ಬಿಡ್ಬೇಕು ಅಂತಿದೀನಿ ಕಣಣ್ಣಾ" ಅಂದ್ರೆ, ಪ್ಯಾಕೆಟ್ ತಿರುಗಿಸಿ ಆ ನಂಬರ್ ತೋರಿಸಿ.